ಪುಟ ಮುಂದೆ ಹೋದಂತೆ ಪಟ್ಟಿ ನಿಧಾನ, ಏಕೆ?

ಪ್ರಶ್ನೆ: ನಮ್ಮ ವೆಬ್ ಆ್ಯಪ್‌ನಲ್ಲಿ ಐದು ಲಕ್ಷ ಆರ್ಡರ್‌ಗಳಿವೆ. ಹೊಸದು ಮೊದಲು ಬರುವಂತೆ ಜೋಡಿಸಿ, ಲಿಮಿಟ್ (ಎಷ್ಟು ಸಾಲು ಬೇಕು) ಮತ್ತು ಆಫ್‌ಸೆಟ್ (ಮೊದಲಿನ ಎಷ್ಟು ಸಾಲು ಬಿಡಬೇಕು) ಬಳಸಿ ಪುಟಕ್ಕೆ 20ರಂತೆ ತೋರಿಸುತ್ತೇವೆ. ಆರಂಭದ ಪುಟಗಳು ತಕ್ಷಣ ಬರುತ್ತವೆ, ಸಾವಿರನೇ ಪುಟ ದಾಟಿದರೆ ತುಂಬ ಹೊತ್ತು ಹಿಡಿಯುತ್ತದೆ. ಮೊದಲ ಪುಟದಲ್ಲಿ ಕಂಡ ಆರ್ಡರ್ ಕೆಲವೊಮ್ಮೆ ಎರಡನೆಯದರಲ್ಲೂ ಬರುತ್ತದೆ.

ಉತ್ತರ: ಎರಡಕ್ಕೂ ಕಾರಣ ಆಫ್‌ಸೆಟ್. ಆಫ್‌ಸೆಟ್ 1,00,000 ಎಂದರೆ ಡೇಟಾಬೇಸ್ ನೇರವಾಗಿ ಅಲ್ಲಿಗೆ ಹಾರುವುದಿಲ್ಲ. ಲಕ್ಷ ಸಾಲುಗಳನ್ನು ದಾಟಿ, ಅವನ್ನೆಲ್ಲ ಬಿಟ್ಟು, ಮುಂದಿನ 20 ಕೊಡುತ್ತದೆ. ಇಂಡೆಕ್ಸ್ (ಬೇಗ ಹುಡುಕಲು ಡೇಟಾಬೇಸ್ ಇಟ್ಟುಕೊಳ್ಳುವ ಸೂಚಿ) ಇದ್ದರೂ ಈ ದಾಟುವ ಕೆಲಸ ತಪ್ಪದು. ಇನ್ನು, ಬಳಕೆದಾರರು ಮೊದಲ ಪುಟ ನೋಡುತ್ತಿರುವಾಗ ಹೊಸ ಆರ್ಡರ್ ಬಂದರೆ 20ನೆಯದು 21ನೆಯದಾಗಿ ಎರಡನೇ ಪುಟಕ್ಕೆ ಇಳಿಯುತ್ತದೆ. ಒಂದು ಆರ್ಡರ್ ಅಳಿಸಿದರೆ ಇನ್ನೂ ಕೆಟ್ಟದ್ದು: ಬೇರೊಂದು ಆರ್ಡರ್ ಯಾವ ಪುಟದಲ್ಲೂ ಕಾಣದೆ ತಪ್ಪಿಹೋಗುತ್ತದೆ, ತಪ್ಪಿದ್ದು ಯಾರಿಗೂ ಗೊತ್ತಾಗುವುದಿಲ್ಲ.

ಪುಟದ ಸಂಖ್ಯೆ ಬಿಟ್ಟು ಕರ್ಸರ್ ಬಳಸಿ. ತೋರಿಸಿದ ಕೊನೆಯ ಸಾಲಿನ ಸಮಯ ಮತ್ತು ಐಡಿ, ಇವೆರಡೇ ಕರ್ಸರ್. ಡೇಟಾಬೇಸ್‌ಗೆ ಕಳಿಸುವ ಮುಂದಿನ ಕ್ವೆರಿಯಲ್ಲಿ ಸಮಯ–ಐಡಿ ಜೋಡಿ ಕರ್ಸರ್‌ಗಿಂತ ಚಿಕ್ಕದಿರಬೇಕೆಂಬ ಷರತ್ತು ಹಾಕಿ, ಎರಡನ್ನೂ ಇಳಿಕೆ ಕ್ರಮದಲ್ಲಿ ಜೋಡಿಸಿ. ಸಮಯ ಮೊದಲು, ಐಡಿ ಆಮೇಲೆ ಇರುವ ಒಂದೇ ಇಂಡೆಕ್ಸ್ ಸಾಕು. ಐಡಿ ಮಾತ್ರ ಬಿಡಲೇಬೇಡಿ. ಬಿಟ್ಟರೆ, ಒಂದೇ ಸಮಯದ ಎರಡು ಆರ್ಡರ್‌ಗಳು ಪುಟದ ಅಂಚಿನಲ್ಲಿ ಬಿದ್ದರೆ ಒಂದು ಕಳೆದುಹೋಗುತ್ತದೆ. ಲಿಮಿಟ್ 21 ಕೊಡಿ: 21ನೇ ಸಾಲು ಸಿಕ್ಕರೆ ಮುಂದಿನ ಪುಟ ಇದೆ ಎಂದರ್ಥ, ಅದನ್ನು ತೋರಿಸಬೇಡಿ.

ಹೆಚ್ಚಿನವರು ಎಡವುವುದು ಇಲ್ಲಿ: ಪೋಸ್ಟ್‌ಗ್ರೆಸ್ ಡೇಟಾಬೇಸ್ ಸಮಯವನ್ನು ಮೈಕ್ರೋಸೆಕೆಂಡ್‌ವರೆಗೆ ಇಡುತ್ತದೆ, ಜಾವಾಸ್ಕ್ರಿಪ್ಟ್‌ನ ಡೇಟ್ ಮಿಲಿಸೆಕೆಂಡ್‌ಗೇ ನಿಲ್ಲುತ್ತದೆ. ಕೊನೆಯ ಮೂರು ಅಂಕಿ ಬಿದ್ದುಹೋದರೆ ಅದೇ ಮಿಲಿಸೆಕೆಂಡಿನ ಉಳಿದ ಸಾಲುಗಳು ಜಾರಿಹೋಗುತ್ತವೆ. ಸಮಯವನ್ನು ಡೇಟ್‌ಗೆ ಪರಿವರ್ತಿಸದೆ ಡೇಟಾಬೇಸ್ ಕೊಟ್ಟ ಪಠ್ಯವಾಗಿಯೇ ಸಾಗಿಸಿ.

ಪ್ರಶ್ನೆ: ಕರ್ಸರ್ ಇದ್ದರೆ ನೇರವಾಗಿ 57ನೇ ಪುಟಕ್ಕೆ ಹೋಗಲಾಗದಲ್ಲ?

ಉತ್ತರ: ಆಗದು. ಆದರೆ 57ನೇ ಪುಟಕ್ಕೆ ಹೋಗುವವರು ನಿಜವಾಗಿ ಹುಡುಕುವುದು ಒಂದು ದಿನಾಂಕವನ್ನೋ ಹೆಸರನ್ನೋ. ಅದಕ್ಕೆ ಫಿಲ್ಟರ್ ಕೊಡುವುದೇ ಒಳ್ಳೆಯದು. ಫಿಲ್ಟರ್ ಬದಲಾದಾಗ ಹಳೆಯ ಕರ್ಸರ್ ಅಳಿಸಿ, ಇಲ್ಲವಾದರೆ ಪಟ್ಟಿ ನಡುವಿನಿಂದ ಶುರುವಾಗುತ್ತದೆ. ಪಟ್ಟಿಯಲ್ಲಿ ಕೆಲವೇ ಸಾವಿರ ಸಾಲುಗಳಿದ್ದು, ಅಪರೂಪಕ್ಕೆ ಬದಲಾಗುವುದಾದರೆ ಆಫ್‌ಸೆಟ್ ಸಾಕು, ಜೋಡಣೆಯ ಕೊನೆಗೆ ಐಡಿ ಸೇರಿಸಿದರಾಯಿತು. ಯಾವ ವಿಧಾನವಾದರೂ ಪುಟದ ಗಾತ್ರಕ್ಕೆ ಸರ್ವರ್‌ನಲ್ಲೇ ಮಿತಿ ಇರಲಿ, 100 ಸಾಕು.