ಪೋಕಾಹೊಂಟಸ್ ಕಾರ್ಟೂನ್ ಸಿನಿಮಾದ ಪ್ರೇಮಕಥೆ ನಿಜವೇ? ಮಕ್ಕಳಿಗೆ ಏನು ಹೇಳಬೇಕು?

ಪ್ರೇಮಕಥೆ ಸುಮ್ನೆ ಕಟ್ಟಿದ್ದು. 1607ರಲ್ಲಿ ಸಿನಿಮಾದ ನಾಯಕ, ಇಂಗ್ಲಿಷ್‌ನವನಾದ ಜಾನ್ ಸ್ಮಿತ್ ಅಮೆರಿಕದ ವರ್ಜೀನಿಯಾಕ್ಕೆ ಬಂದಾಗ ಅವನಿಗೆ 27 ವರ್ಷ. ಪೋಕಾಹೊಂಟಸ್ ಅಲ್ಲಿನ ಮೂಲನಿವಾಸಿಗಳ 10-11ರ ಹುಡುಗಿ! ಅವನ ಜೀವ ಉಳಿಸಿದಳು ಅನ್ನೋದಕ್ಕೂ ಅವನೇ ಬರೆದದ್ದು ಬಿಟ್ಟರೆ ಸಾಕ್ಷಿಯಿಲ್ಲ. ನಿಜವಾದ ಕಥೆ ಕಹಿ. 1613ರಲ್ಲಿ ಇಂಗ್ಲಿಷರು ಅವಳನ್ನು ಒತ್ತೆಯಾಳಾಗಿ ಹಿಡಿದರು, ಧರ್ಮ, ಹೆಸರು ಎರಡೂ ಬದಲಾದವು. ಮರುವರ್ಷ ತಂಬಾಕು ಬೆಳೆಯುವ ಜಾನ್ ರಾಲ್ಫ್ ಜೊತೆ ಮದುವೆ. 1617ರಲ್ಲಿ ಇಂಗ್ಲೆಂಡಿನಲ್ಲಿ ತೀರಿಕೊಂಡಳು, ಇಪ್ಪತ್ತರ ಆಸುಪಾಸಿನಲ್ಲೇ.

ಹಾಗಂತ ಸಿನಿಮಾ ಬಿಡಿಸಬೇಡಿ. ನಮ್ಮ ಶಿರಸಿ ಕಡೆ ಮಕ್ಕಳು ಯಕ್ಷಗಾನದ ಚೌಕಿಗೆ (ವೇಷ ಕಟ್ಟೋ ಕೋಣೆಗೆ) ನುಗ್ಗಿ ಬಣ್ಣ ಹಚ್ಚೋದನ್ನು ನೋಡಿರ್ತಾರೆ, ಅದು ವೇಷ ಅಂತ ಅವರಿಗೆ ಗೊತ್ತು. ಕಾರ್ಟೂನಿಗೆ ಚೌಕಿ ಇಲ್ಲ ಅಲ್ವಾ, ಅದು ಕಟ್ಟಿದ ಕಥೆ ಅಂತ ತೋರಿಸೋ ಕೆಲಸ ನಿಮ್ಮದು. ಇದು ಬರೀ ದೂರದೂರಿನ ಕಥೆಯಲ್ಲ: ಇಂಗ್ಲಿಷ್ ವ್ಯಾಪಾರಿಗಳು 1638ರಲ್ಲಿ ಕಾರವಾರದಲ್ಲೂ ಕೋಠಿ (ವ್ಯಾಪಾರದ ಮಳಿಗೆ) ತೆರೆದರು, ಕಾಳುಮೆಣಸಿನ ಆಸೆಗೆ. ಅದನ್ನೂ ಜೊತೆಗೇ ಹೇಳಿ.