ವಿನೈಲ್ ನೆಲದ ಬಣ್ಣ ಬಿಸಿಲಿಗೆ ಮಾಸುತ್ತಿದ್ದರೆ

ಕಿಟಕಿಯ ಗಾಜು ಸದಾ ಮುಚ್ಚಿದ್ದರೂ ಅದರೆದುರಿನ ವಿನೈಲ್ ನೆಲ ಏಕೆ ಬಣ್ಣಗೆಡುತ್ತಿದೆ, ಮ್ಯಾಟ್ ಹಾಸಿದರೆ ಸಾಕೇ ಎಂದು ಕೇಳಿದ್ದೀರಿ. ಬಣ್ಣವನ್ನು ಮಾಸಿಸುವ ಅತಿನೇರಳೆ (ಯುವಿ) ಕಿರಣಗಳಲ್ಲಿ ಯುವಿ-ಬಿ ಎಂಬ ಬಗೆಯನ್ನು ಸಾಮಾನ್ಯ ಗಾಜು ಬಹುಪಾಲು ತಡೆಯುತ್ತದೆಯಾದರೂ, 315ರಿಂದ 400 ನ್ಯಾನೊಮೀಟರ್ ತರಂಗಾಂತರದ ಯುವಿ-ಎ ಕಿರಣಗಳಲ್ಲಿ ಹೆಚ್ಚಿನವನ್ನು ಒಳಗೆ ಬಿಡುತ್ತದೆ. ಆದ್ದರಿಂದ ನೆಲಕ್ಕಿಂತ ಮೊದಲು ಗಾಜಿನ ಕಡೆ ಗಮನ ಕೊಡುವುದು ಲೇಸು: ಅತಿನೇರಳೆ ಕಿರಣಗಳನ್ನು ತಡೆಯುವ ಪಾರದರ್ಶಕ ಫಿಲ್ಮ್ ಅಂಟಿಸಿ, ಬಿಸಿಲು ನೇರವಾಗಿ ಬೀಳುವ ಹೊತ್ತಿನಲ್ಲಿ ಪರದೆಯನ್ನೂ ಎಳೆಯಿರಿ, ಏಕೆಂದರೆ ಕಣ್ಣಿಗೆ ಕಾಣುವ ಬೆಳಕು ಮತ್ತು ಶಾಖ ಕೂಡ ಬಣ್ಣವನ್ನು ಕುಂದಿಸುತ್ತವೆ. ಮ್ಯಾಟ್ ಹಾಸುವುದಾದರೆ ರಬ್ಬರ್ ತಳದ್ದು ಖಂಡಿತ ಬೇಡ. ರಬ್ಬರಿನಲ್ಲಿರುವ ರಾಸಾಯನಿಕಗಳು ವಿನೈಲ್‌ಗೆ ಇಳಿದು, ಎಷ್ಟು ಉಜ್ಜಿದರೂ ಹೋಗದ ಹಳದಿ ಕಲೆ ಉಳಿಸಬಲ್ಲವು. (ಪಾಲಿಶ್ ಹೊಳಪು ಕೊಟ್ಟೀತು, ಅದನ್ನೇ ರಕ್ಷಣೆಯೆಂದು ನಂಬಬೇಡಿ.) ಈಗಾಗಲೇ ಮಾಸಿರುವ ಭಾಗಕ್ಕೆ ಮೊದಲಿನ ಬಣ್ಣ ಮರಳುವುದಿಲ್ಲ, ಅದು ಸಹಿಸಲಾಗದಷ್ಟು ಎದ್ದು ಕಾಣುತ್ತಿದ್ದರೆ ಅಷ್ಟು ಭಾಗವನ್ನು ಬದಲಾಯಿಸಬೇಕಾಗುತ್ತದೆ.