ಜಗಳೂರಿನ ಅಂಗಡಿಯಲ್ಲಿ ಟೀ ನಿಂತುಹೋಗಿದೆ

ಪ್ರಶ್ನೆ: ನನಗೆ 34 ವರ್ಷ. ಒಂಬತ್ತು ವರ್ಷದಿಂದ ಬೋರ್‌ವೆಲ್ ಮೋಟರ್ ಕಂಪನಿಯೊಂದರ ಸೇಲ್ಸ್‌ನಲ್ಲಿದ್ದೇನೆ. ಜಗಳೂರು, ಚಳ್ಳಕೆರೆ, ಹಿರಿಯೂರು ನನ್ನ ಲೈನ್. ನಾನು ಮಾತುಗಾರನಲ್ಲ. ನನಗಿಂತ ಹತ್ತು ವರ್ಷ ಚಿಕ್ಕವನೊಬ್ಬ ಬಂದು ಎರಡೇ ವರ್ಷದಲ್ಲಿ ಬಹುಮಾನ ತಗೊಂಡ. ಮಾರ್ಚ್ ಕೊನೆಗೆ ಟಾರ್ಗೆಟ್ ಮುಟ್ಟಿಸಲು ಮ್ಯಾನೇಜರ್ ಒತ್ತಾಯ ಮಾಡಿದರು. ಜಗಳೂರಿನ ಹಳೇ ಡೀಲರ್ ಒಬ್ಬರಿಗೆ 20 ಮೋಟರ್ ಹಾಕಿಸಿದೆ. ಆಮೇಲೆ ಮಳೆ ಬಂತು. 11 ಹಾಗೇ ಕೂತಿವೆ. ಅವರು ಈಗ ಫೋನ್ ಎತ್ತಲ್ಲ, ಹೋದರೆ ಟೀ ಕೂಡ ಹೇಳಲ್ಲ. ಹೆಂಡತಿ ‘ಸಾಕು ಬಿಡಿ, ನಮ್ಮಣ್ಣನ ಅಂಗಡಿಗೆ ಸೇರಿ’ ಅಂತಾಳೆ. ನಾನು ಈ ಕೆಲಸಕ್ಕೆ ಲಾಯಕ್ಕಾ?
— ಹೆಸರು ಬೇಡ, ದಾವಣಗೆರೆ

ಉತ್ತರ: ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತದ್ದು ಟೀ ಬಗ್ಗೆ ಬರೆದ ಸಾಲಿನ ಮೇಲೆ. ಬಹುಮಾನದ ವಿಷಯ ಆಮೇಲೆ ನೋಡೋಣ.

ನಮ್ಮಪ್ಪನಿಗೆ ಇದೇ ಊರಲ್ಲಿ ಎಲೆಕ್ಟ್ರಿಕಲ್ ಅಂಗಡಿ ಇತ್ತು. ಶಾಲೆ ಬಿಟ್ಟಮೇಲೆ ನಾನು ಗಲ್ಲಾಪೆಟ್ಟಿಗೆ ಪಕ್ಕ ಕೂತು ಲೆಕ್ಕ ಮಾಡುತ್ತಿದ್ದೆ. ಹಾಗಾಗಿ ನಿಮ್ಮಂಥ ರೆಪ್‌ಗಳನ್ನು ಬೇಕಾದಷ್ಟು ನೋಡಿದ್ದೇನೆ. ಜೋಕ್ ಹೇಳುವವರು ಬರುತ್ತಿದ್ದರು. ಅಪ್ಪ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು, ಆರ್ಡರ್ ಮಾತ್ರ ಕೊಡುತ್ತಿರಲಿಲ್ಲ. ಒಬ್ಬರಿದ್ದರು, ಮಾತೇ ಕಮ್ಮಿ. ಬಂದವರೇ ಸೀದಾ ಹಿಂದಿನ ಗೋಡೌನ್‌ಗೆ ಹೋಗಿ ತಮ್ಮ ಕಂಪನಿಯ ಡಬ್ಬಿ ಎಣಿಸುತ್ತಿದ್ದರು. ಧೂಳು ಕೂತಿದ್ದರೆ ‘ಈ ಸಲ ಬೇಡಣ್ಣ, ಇರೋದು ಖಾಲಿಯಾಗಲಿ’ ಅನ್ನುತ್ತಿದ್ದರು. ಒಮ್ಮೆ ಅವರ ಕೆಪಾಸಿಟರ್‌ಗಳು ಒಂದು ಪೆಟ್ಟಿಗೆ ಪೂರ್ತಿ ಕೆಟ್ಟು ಬಂದವು. ಕಂಪನಿ ವಾಪಸ್ ತಗೊಳ್ಳಲ್ಲ ಅಂತು. ಇವರು ಆ ಪೆಟ್ಟಿಗೆಯನ್ನು ತಮ್ಮ ಲೂನಾ ಮೇಲೆ ಕಟ್ಟಿಕೊಂಡು ಹೋದರು. ಮೂರು ತಿಂಗಳು ಬೆನ್ನುಬಿದ್ದು ದುಡ್ಡು ವಾಪಸ್ ಕೊಡಿಸಿದರು. ಕೊನೆ ಕೊನೆಗೆ ಆರ್ಡರನ್ನೂ ಅವರೇ ಬರೆದುಕೊಳ್ಳುತ್ತಿದ್ದರು. ಅಪ್ಪ ಓದದೇ ಸಹಿ ಹಾಕುತ್ತಿದ್ದರು. ಅವರಿಗೆ ಬರೀ ಟೀ ಅಲ್ಲ, ಮಂಡಕ್ಕಿ ಮಿರ್ಚಿನೂ ಬರುತ್ತಿತ್ತು!

ನೀವು ಮಾರುವುದು ಸೋಪಲ್ಲ, ಮೋಟರ್. ಆರುನೂರು ಅಡಿ ಬೋರ್, ಒಂದೂವರೆ ಇಂಚು ನೀರು. ಪಕ್ಕದ ಹೊಲದವನು ದೊಡ್ಡದು ಹಾಕಿದ್ದಾನೆ ಅಂತ ರೈತ ಇನ್ನೂ ಜಾಸ್ತಿ ಎಚ್‌ಪಿ ಕೇಳುತ್ತಾನೆ. ಮಾತುಗಾರ ಕೊಟ್ಟೇಬಿಡುತ್ತಾನೆ, ಅವನಿಗೆ ಬಿಲ್ಲೂ ದೊಡ್ಡದಾಗುತ್ತೆ ಅಲ್ವಾ? ಬೋರಿಗೆ ಬರುವ ನೀರಿಗಿಂತ ಬೇಗ ಮೋಟರ್ ಎಳೆದುಬಿಟ್ಟರೆ ಒಣಗಿ ಓಡುತ್ತೆ, ವೈಂಡಿಂಗ್ ಸುಡುತ್ತೆ. ಮೇಲೆತ್ತಲು ಆಳು, ಮತ್ತೆ ಇಳಿಸಲು ಆಳು, ಅಷ್ಟರಲ್ಲಿ ಬೆಳೆ ಬಾಡಿರುತ್ತೆ. ರೈತ ಬಂದು ಬೈಯುವುದು ಅಂಗಡಿಯವರನ್ನು, ಅಂಗಡಿಯವರು ನಿಮ್ಮನ್ನು. ಬೋರ್ ಎಷ್ಟು ಆಳ, ನೀರು ಎಷ್ಟು ಅಡಿಗೆ ನಿಂತಿದೆ, ಕರೆಂಟ್ ಬಂದಾಗ ವೋಲ್ಟೇಜ್ ಎಷ್ಟಿರುತ್ತೆ ಅಂತ ಕೇಳಿ ಬರೆದುಕೊಳ್ಳುವವನು ಬೇಕು ಇಲ್ಲಿ. ಮಾತು ಕಮ್ಮಿ ಇರುವವರಿಗೆ ಇದು ಸಲೀಸು. ಇಷ್ಟು ವರ್ಷ ನೀವು ಮಾಡಿಕೊಂಡು ಬಂದದ್ದೂ ಇದನ್ನೇ ಇರಬೇಕು.

ಇನ್ನು ಬಹುಮಾನ. 2022ರಲ್ಲಿ ನಿಮ್ಮ ಹಿರಿಯೂರಿನ ಮಾರಿಕಣಿವೆ ಡ್ಯಾಮ್ (ವಾಣಿವಿಲಾಸ ಸಾಗರ) ತುಂಬಿ ಕೋಡಿ ಬಿತ್ತು, 1933 ಆದಮೇಲೆ ಮೊದಲ ಸಲ. ಮರುವರ್ಷವೇ ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಅಂತ ಘೋಷಿಸಿದರು. ಆ ಎರಡು ವರ್ಷದ ನಿಮ್ಮ ಸೇಲ್ಸ್ ಲೆಕ್ಕ ಪಕ್ಕಪಕ್ಕ ಇಟ್ಟು ನೋಡಿ. ಒಂದು ವರ್ಷ ದಡ್ಡರಾಗಿ ಇನ್ನೊಂದು ವರ್ಷ ಜಾಣರಾಗಿದ್ದಿರಾ? ನಿಮ್ಮ ಕಡೆ ಟಾರ್ಗೆಟ್ ಮುಟ್ಟಿಸುವುದರಲ್ಲಿ ಮಳೆರಾಯನ ಪಾಲು ದೊಡ್ಡದು. ಆ ಹುಡುಗ ಕೆಟ್ಟವನು ಅಂತ ನಾನು ಹೇಳಲ್ಲ. ಅವನು ಮಾರ್ಚ್‌ನಲ್ಲಿ ಹಾಕಿಸಿದ ಮಾಲು ಜೂನ್‌ನಲ್ಲಿ ಎಲ್ಲಿತ್ತು ಅಂತ ಯಾರೂ ಕೇಳಿರಲ್ಲ, ಅಷ್ಟೇ.

ಆದರೆ ನಿಮ್ಮನ್ನೂ ಸುಮ್ನೆ ಬಿಡಲ್ಲ. ಮ್ಯಾನೇಜರ್ ಹೇಳಿದ್ದು ನಿಜ, ಹಾಕಿಸಿದ್ದು ನೀವು. ಆ ಡೀಲರ್ ಒಪ್ಪಿದ್ದು ಕಂಪನಿ ನೋಡಿ ಅಲ್ಲ, ನಿಮ್ಮ ಮುಖ ನೋಡಿ. ಒಂಬತ್ತು ವರ್ಷ ಕೂಡಿಟ್ಟ ಗಂಟನ್ನು ಒಂದೇ ದಿನದಲ್ಲಿ ಖರ್ಚು ಮಾಡಿದಿರಿ. ಟೀ ನಿಂತದ್ದು ಅದಕ್ಕೆ.

ಹಾಗಾಗಿ ಮೊದಲು ಜಗಳೂರಿಗೆ ಹೋಗಿ. ಆರ್ಡರ್ ಪುಸ್ತಕ ಬ್ಯಾಗಲ್ಲೇ ಇರಲಿ. ‘ಮ್ಯಾನೇಜರ್ ಹೇಳಿದ್ರು’ ಅಂತ ಶುರು ಮಾಡಬೇಡಿ, ‘ನನ್ನದು ತಪ್ಪಾಯ್ತು’ ಅನ್ನಿ. 11ರಲ್ಲಿ ಯಾವ ಎಚ್‌ಪಿಯವು ಎಷ್ಟಿವೆ ನೋಡಿ. ಚಳ್ಳಕೆರೆ, ಹಿರಿಯೂರಿನ ನಿಮ್ಮ ಬೇರೆ ಡೀಲರ್‌ಗಳಿಗೆ ಬೇಕಾದವನ್ನು ಅತ್ತ ಸಾಗಿಸಿ. ಉಳಿದವಕ್ಕೆ ಬಿಲ್ ಕಟ್ಟಲು ಕಂಪನಿಯಿಂದ ಬೇಸಿಗೆವರೆಗೆ ಗಡುವು ಕೇಳಿ, ಬಾಯಲ್ಲಿ ಅಲ್ಲ, ಬರೆದು. ಇನ್ನುಮೇಲೆ ತಿಂಗಳ ವರದಿಯಲ್ಲಿ ಡೀಲರ್‌ಗೆ ಎಷ್ಟು ಹೋಯಿತು ಅನ್ನುವುದರ ಜೊತೆ ಡೀಲರ್‌ನಿಂದ ರೈತನಿಗೆ ಎಷ್ಟು ಹೋಯಿತು ಅಂತಲೂ ಬರೆಯಿರಿ. ಮ್ಯಾನೇಜರ್‌ಗೆ ಅದು ಕಣ್ಣಿಗೆ ಬೀಳಲಿ. ಬರುವ ಮಾರ್ಚ್‌ನಲ್ಲೂ ಅವರು ಹಳೇ ರಾಗವನ್ನೇ ಹಾಡಿದರೆ ಬೇರೆ ಕಂಪನಿ ನೋಡಿಕೊಳ್ಳಿ. ಮೂರು ತಾಲ್ಲೂಕಿನ ಅಂಗಡಿಗಳ ಪರಿಚಯ ಇರುವವರನ್ನು ಯಾರು ಬೇಡ ಅಂತಾರೆ?

ಭಾವನ ಅಂಗಡಿ ವಿಷಯಕ್ಕೆ ನನ್ನ ಓಟಿಲ್ಲ. ಅಲ್ಲೂ ಮಾರುವುದು ತಪ್ಪಲ್ಲ, ಜೊತೆಗೆ ಸಂಬಂಧದ ಲೆಕ್ಕ ಬೇರೆ. ಆದರೆ ನಿಮ್ಮ ಮನೆಯವರ ಮೇಲೆ ಸಿಟ್ಟಾಗಬೇಡಿ. ತಿಂಗಳ ಕೊನೆಯಲ್ಲಿ ನಿಮ್ಮ ಮುಖ ನೋಡುವವರು ಅವರು. ಮಾರ್ಚ್‌ನಲ್ಲಿ ಏನು ನಡೆಯಿತು ಅಂತ ಅವರಿಗೆ ಪೂರ್ತಿ ಹೇಳಿದ್ದೀರಾ? ಜಗಳೂರಿಗೆ ಹೋಗುವ ಮುಂಚೆ ಅದೊಂದು ಮಾಡಿ.